ಹಾಸಿಗೆ ಹಿಡಿದ ಅತ್ತೆಯ ಸೇವೆ: ‘ಅದು ನಿನ್ನ ಶಿಲುಬೆ’ ಎನ್ನುವ ಮಾತು ಎಷ್ಟು ಸರಿ?

ಪ್ರಶ್ನೆ: ನಾನು ಕಥೋಲಿಕ ಮನೆತನದ ಸೊಸೆ, ವಯಸ್ಸು 46. ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿದೆ. ಮಾತು ನಿಂತಿದೆ. ಅವರನ್ನು ನೋಡಿಕೊಳ್ಳಲು ಶಾಲೆಯ ಕೆಲಸ ಬಿಟ್ಟೆ. ಮೈದುನರಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಯಜಮಾನರು ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಎಷ್ಟೋ ಭಾನುವಾರ ಪೂಜೆ ತಪ್ಪಿದೆ. ಚರ್ಚಿನವರು ಬಂದಾಗೆಲ್ಲ “ಇದು ನಿನ್ನ ಶಿಲುಬೆ, ರೂತಳ ಹಾಗಿರು, ಸ್ವರ್ಗದಲ್ಲಿ ಪ್ರತಿಫಲ ಇದೆ” ಎಂದು ಹೇಳಿ ಹೋಗುತ್ತಾರೆ. ಡೈಪರ್ ಬದಲಿಸುವಾಗ ಅತ್ತೆ ಕೈ ತಳ್ಳುತ್ತಾರೆ, ಗಿಲ್ಲುತ್ತಾರೆ. ಹೋದ ವಾರ ತಡೆಯಲಾಗದೆ ಅವರ ಕೈಗೆ ಹೊಡೆದೆ. ಬೇಸರದಲ್ಲಿ, ಸಿಟ್ಟಿನಲ್ಲಿ ಮಾಡುವ ಈ ಸೇವೆ ದೇವರಿಗೆ ಸಲ್ಲುತ್ತದೆಯೇ? ಇದಕ್ಕೆ ಆಧ್ಯಾತ್ಮಿಕ ಅರ್ಥ ಏನಾದರೂ ಇದೆಯೇ?

ಉತ್ತರ: ಸಹೋದರಿ, ಬೇಸರದಲ್ಲಿ ಮಾಡಿದ ಸೇವೆಯೂ ದೇವರಿಗೆ ಸಲ್ಲುತ್ತದೆ. ಉಳಿದ ಮಾತೆಲ್ಲ ಇದರ ಮೇಲೆ ನಿಂತಿರುವುದರಿಂದ ಇದನ್ನೇ ಮೊದಲು ಹೇಳುತ್ತಿದ್ದೇನೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ದಿನ ಆರು ವಿಷಯಗಳ ಲೆಕ್ಕ ಕೇಳಲಾಗುತ್ತದೆ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವರ ಭೇಟಿ. ಇದರಲ್ಲಿ ನಾಲ್ಕನ್ನು ನೀವು ದಿನಾ ಬೆಳಿಗ್ಗೆ ತಿಂಡಿಯ ಹೊತ್ತಿಗೇ ಮುಗಿಸಿರುತ್ತೀರಿ. ಊಟ ತಿನ್ನಿಸುವಾಗ ನಿನ್ನ ಮನಸ್ಸು ಹೇಗಿತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನೊಂದನ್ನು ಗಮನಿಸಿ. ಹಾಗೆ ಸೇವೆ ಮಾಡಿದವರಿಗೆ ತಾವು ಕ್ರಿಸ್ತನಿಗೆ ಮಾಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಸ್ವಾಮಿ, ನಿಮ್ಮನ್ನು ನಾವು ನೋಡಿದ್ದು ಯಾವಾಗ ಎಂದು ಅವರೇ ಅಚ್ಚರಿಯಿಂದ ಕೇಳುತ್ತಾರೆ. ಭಕ್ತಿಯ ಭಾವ ಒಳಗೆ ಉಕ್ಕದಿದ್ದರೆ ಸೇವೆ ಸೇವೆಯಲ್ಲ ಎಂಬ ಹೆದರಿಕೆಗೆ ಈ ಅಧ್ಯಾಯದಲ್ಲಿ ಆಧಾರವಿಲ್ಲ.

ಪ್ರೀತಿಯಿಲ್ಲದೆ ಏನು ಮಾಡಿದರೂ ವ್ಯರ್ಥ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದಿಲ್ಲವೇ ಎಂದು ನೀವು ಕೇಳಬಹುದು. ಬರೆದಿದ್ದಾರೆ. ಆದರೆ ಅದೇ 13ನೇ ಅಧ್ಯಾಯದಲ್ಲಿ ಪ್ರೀತಿ ಏನೇನು ಮಾಡುತ್ತದೆ, ಏನೇನು ಮಾಡುವುದಿಲ್ಲ ಎಂಬುದನ್ನೇ ಅವರು ಹೇಳುವುದು. ಸೈರಿಸುವುದು, ದಯೆ ತೋರುವುದು, ಅಪಕಾರವನ್ನು ಲೆಕ್ಕ ಇಡದಿರುವುದು. ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು ಸಂತ ಥಾಮಸ್ ಅಕ್ವಿನಾಸರು ಹೇಳಿದ್ದನ್ನು ಕಥೋಲಿಕ ಧರ್ಮಸಭೆ ಇಂದಿಗೂ ಕಲಿಸುತ್ತದೆ. ನಡುರಾತ್ರಿ ಎರಡು ಗಂಟೆಗೆ ಗೊಣಗುತ್ತಲೇ ಎದ್ದು ಅತ್ತೆಯ ಮಗ್ಗುಲು ಬದಲಿಸುವ ಸೊಸೆ ಅವರ ಒಳಿತನ್ನೇ ಬಯಸಿದ್ದಾಳೆ. ಗೊಣಗಾಟ ಹೇಳುವುದು ಅವಳಿಗಾದ ದಣಿವನ್ನು. ಪ್ರೀತಿ ಇದೆ ಎಂಬುದಕ್ಕೆ ಅವಳು ಎದ್ದದ್ದೇ ಸಾಕ್ಷಿ.

ಇನ್ನು ಶಿಲುಬೆಯ ಮಾತು. ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೂ ಬಾಗಿಲಲ್ಲಿ ನಿಂತು ಹೀಗೆ ಹೇಳಿ ಹೋಗುವುದು ಶುಭಸಂದೇಶಕ್ಕೆ ಸರಿಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ತನ್ನ ಶಿಲುಬೆಯನ್ನು ಹೊತ್ತುಕೊಂಡು ನನ್ನನ್ನು ಹಿಂಬಾಲಿಸಲಿ ಎಂದು ಯೇಸುಸ್ವಾಮಿ ಹೇಳಿದ್ದು ತಮ್ಮ ಶಿಷ್ಯರಾಗಲು ಬಯಸಿದವರಿಗೆ. ಇನ್ನೊಬ್ಬರ ಹೆಗಲ ಮೇಲಿನ ಭಾರವನ್ನು ನೋಡಿ ‘ಅದು ನಿನ್ನದು’ ಎಂದು ಕೈ ತೊಳೆದುಕೊಳ್ಳಲು ಅವರು ಯಾರಿಗೂ ಹೇಳಿಕೊಡಲಿಲ್ಲ. ಅಷ್ಟೇ ಅಲ್ಲ, ಯೇಸುಸ್ವಾಮಿಯೇ ತಮ್ಮ ಶಿಲುಬೆಯನ್ನು ಕೊನೆಯವರೆಗೆ ಒಬ್ಬರೇ ಹೊರಲಿಲ್ಲ. ಹೊಲದಿಂದ ಬರುತ್ತಿದ್ದ ಸಿರೇನಿನ ಸಿಮೋನನನ್ನು ಹಿಡಿದು ಸೈನಿಕರು ಅವನ ಮೇಲೆ ಹೊರಿಸಿದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಪ್ರತಿ ಶುಕ್ರವಾರ, ಯೇಸುಸ್ವಾಮಿಯ ಕೊನೆಯ ಹಾದಿಯನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುವ ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ನಾವು ಮೊಣಕಾಲೂರುವುದು ಈ ನೆನಪಿಗೇ. ಮರುಸ್ಥಳದಲ್ಲಿ, ಆರನೆಯದರಲ್ಲಿ, ವೆರೋನಿಕಾ ಎಂಬ ಹೆಂಗಸು ಬಟ್ಟೆಯಿಂದ ಅವರ ಮುಖ ಒರೆಸುತ್ತಾಳೆ. ಆಕೆಯ ಕಥೆ ಶುಭಸಂದೇಶದಲ್ಲಿಲ್ಲ, ಪರಂಪರೆಯಿಂದ ಬಂದದ್ದು. ಆದರೆ ಬೆವರು, ರಕ್ತ ಒರೆಸುವ ಆ ಕೆಲಸಕ್ಕೆ ಹದಿನಾಲ್ಕು ಸ್ಥಳಗಳಲ್ಲಿ ಒಂದನ್ನು ಬಿಟ್ಟುಕೊಟ್ಟ ಧರ್ಮಸಭೆ, ಒರೆಸುವ ಕೈ ಎಂಥದ್ದೆಂದು ಬಲ್ಲದು. ಆದ್ದರಿಂದ ಇನ್ನು ಮೇಲೆ ಯಾರಾದರೂ ‘ಇದು ನಿನ್ನ ಶಿಲುಬೆ’ ಎಂದರೆ, ‘ಹೌದು, ಐದನೆಯ ಸ್ಥಳಕ್ಕೆ ಜನ ಬೇಕಾಗಿದೆ, ಗುರುವಾರ ಸಂಜೆ ನಾಲ್ಕರಿಂದ ಆರರವರೆಗೆ ಬರುತ್ತೀರಾ?’ ಎಂದು ನೇರವಾಗಿ ಕೇಳಿ. ದಿನ ಮತ್ತು ಗಂಟೆ ಹೇಳಿಯೇ ಕೇಳಬೇಕು. ‘ಏನಾದರೂ ಬೇಕಾದರೆ ಹೇಳಿ’ ಎನ್ನುವವರಿಗೂ ಅಷ್ಟೇ. ಸಹಾಯ ಮಾಡಬೇಕೆಂಬ ಮನಸ್ಸಿದ್ದರೂ ಏನು ಮಾಡಬೇಕೆಂದು ತಿಳಿಯದೆ ಹಿಂದೆ ಸರಿಯುವವರೇ ಹೆಚ್ಚು.

ರೂತಳ ವಿಷಯದಲ್ಲೂ ಒಂದು ತಪ್ಪು ನಡೆಯುತ್ತದೆ. ಬೈಬಲಿನ ರೂತಳ ಗ್ರಂಥದಲ್ಲಿ ಅತ್ತೆ ನೊವೊಮಿ ತನ್ನ ವಿಧವೆ ಸೊಸೆಯರಾದ ರೂತ್, ಒರ್ಫಾ ಇಬ್ಬರಿಗೂ ತವರಿಗೆ ಮರಳಿ ಹೋಗಿ ಎಂದೇ ಹೇಳಿದ್ದಳು. ಒರ್ಫಾ ಅತ್ತು, ಮುದ್ದಿಟ್ಟು ಹೊರಟುಹೋದಳು. ಅವಳ ಮೇಲೆ ಆ ಗ್ರಂಥ ಒಂದೇ ಒಂದು ಆಕ್ಷೇಪದ ಮಾತನ್ನೂ ಆಡುವುದಿಲ್ಲ. ರೂತ್ ಉಳಿದದ್ದು ಹೋಗುವ ದಾರಿ ತೆರೆದಿದ್ದಾಗ. ಅವಳ ಸೇವೆಗೆ ಬೆಲೆ ಬಂದದ್ದು ಆ ಸ್ವಾತಂತ್ರ್ಯದಿಂದ. ಇನ್ನೊಬ್ಬ ಹೆಣ್ಣುಮಗಳ ಬಾಯಿ ಕಟ್ಟಲು ರೂತಳ ಹೆಸರು ಬಳಸುವುದು ಅವಳಿಗೇ ಮಾಡುವ ಅನ್ಯಾಯ.

ಕ್ರೈಸ್ತ ಆರೈಕೆಯ ಮೂಲ ಮಾದರಿ ಎಂದು ನಾವು ಓದುವ ಒಳ್ಳೆಯ ಸಮಾರಿಯದವನ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು (ಲೂಕ 10) ಒಮ್ಮೆ ಕೆಲಸದ ಕಣ್ಣಿನಿಂದ ಓದಿ ನೋಡಿ. ಅವನು ಕಳ್ಳರ ಏಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ತನ್ನದೇ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ತರುತ್ತಾನೆ. ಒಂದು ರಾತ್ರಿ ಆರೈಕೆ ಮಾಡುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದೆನಾರಿ ಕೊಡುತ್ತಾನೆ. ಒಂದು ದೆನಾರಿ ಆಗಿನ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ದಾರಿ ಹಿಡಿಯುತ್ತಾನೆ. ಕೆಲಸವನ್ನು ಬೇರೆಯವರಿಗೆ ವಹಿಸಿದ, ಅದಕ್ಕೆ ಹಣ ತೆತ್ತ, ಮತ್ತೆ ಬಂದು ವಿಚಾರಿಸುವ ಏರ್ಪಾಡು ಮಾಡಿಕೊಂಡ. ಇಷ್ಟು ಮಾಡಿದವನನ್ನೇ ತೋರಿಸಿ ಯೇಸುಸ್ವಾಮಿ, ಹೋಗು, ನೀನೂ ಹಾಗೆಯೇ ಮಾಡು ಎಂದರು. ಹಾಗಾಗಿ ಸಂಬಳ ಕೊಟ್ಟು ಹಗಲು ಹೊತ್ತಿಗೆ ನರ್ಸ್ ಅಥವಾ ಆಯಾ ಇಟ್ಟುಕೊಂಡರೆ ಸೇವೆಯ ಪುಣ್ಯ ಕಡಿಮೆಯಾಗುತ್ತದೆ ಎಂಬ ಭಾವನೆ ಬೇಡ. ರೋಗಿಗಳ ಆರೈಕೆ ಎಲ್ಲರೂ ಹಂಚಿಕೊಳ್ಳುವ ಹೊಣೆ ಎಂದು ಕ್ರೈಸ್ತರು ಆಸ್ಪತ್ರೆಗಳನ್ನು ಕಟ್ಟಿದರು. ನಮ್ಮ ನಾಡಿನಲ್ಲೂ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಔಷಧಿ ಕೊಡತೊಡಗಿದ್ದು, 1886ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುವಾದದ್ದು ಇದೇ ದಾರಿಯಲ್ಲಿ.

ಈಗ ಅರ್ಥದ ಪ್ರಶ್ನೆಗೆ ಬರುತ್ತೇನೆ. ಆರೈಕೆಯ ಆಧ್ಯಾತ್ಮಿಕ ಅರ್ಥವನ್ನು ಅನೇಕರು ಕೆಲಸದಿಂದ ಹೊರಗೆ ಹುಡುಕುತ್ತಾರೆ. ಕೆಲಸ ಮುಗಿದ ಮೇಲೆ ಮಾಡುವ ಜಪದಲ್ಲಿ, ಅನುಭವಿಸಿದ ಕಷ್ಟದಲ್ಲಿ, ಮುಂದೆ ಸಿಗುವ ಪ್ರತಿಫಲದಲ್ಲಿ. ಸಂತ ಕಮಿಲ್ಲಸರು (1550–1614) ಹಾಗೆ ಹುಡುಕಲಿಲ್ಲ. ಒಮ್ಮೆ ಸೈನಿಕರೂ ಜೂಜುಕೋರರೂ ಆಗಿದ್ದ, ಜೀವಮಾನವಿಡೀ ಕಾಲಿನ ಮಾಗದ ಹುಣ್ಣಿನಿಂದ ನರಳಿದ ಅವರು ರೋಮ್ ನಗರದಲ್ಲಿ ರೋಗಿಗಳ ಸೇವೆಗೆಂದೇ ಒಂದು ಸನ್ಯಾಸಿ ಸಭೆ ಕಟ್ಟಿದರು. ತಾಯಿ ತನ್ನ ಒಂದೇ ಮಗು ಕಾಯಿಲೆ ಬಿದ್ದಾಗ ನೋಡಿಕೊಳ್ಳುವ ಹಾಗೆ ರೋಗಿಯನ್ನು ನೋಡಿಕೊಳ್ಳುವ ಕೃಪೆಯನ್ನು ದೇವರಲ್ಲಿ ಬೇಡಬೇಕೆಂದು ತಮ್ಮವರಿಗೆ ನಿಯಮ ಬರೆದರು. ರೋಗಿಗಳನ್ನು ಒಡೆಯರೆಂದು ಕರೆದರು. ಆದರೆ ಆ ಭಕ್ತಿ ವ್ಯಕ್ತವಾದದ್ದು ಹಾಸಿಗೆ ಹೇಗೆ ಹಾಸಬೇಕು, ಊಟ ಹೇಗೆ ತಿನ್ನಿಸಬೇಕು ಎಂಬ ಶ್ರದ್ಧೆಯಲ್ಲಿ. ಅವರ ಸಭೆಯವರೇ ಬೆಂಗಳೂರಿನಲ್ಲಿ ಸ್ನೇಹದಾನ ಎಂಬ ಆರೈಕೆ ಕೇಂದ್ರ ನಡೆಸುತ್ತಾರೆ. ಕಮಿಲ್ಲಸರಿಂದ ಕಲಿಯಬೇಕಾದದ್ದು ಒಂದು: ಕೆಲಸವನ್ನು ಸರಿಯಾಗಿ ಮಾಡುವುದೇ ಪ್ರಾರ್ಥನೆ. ಆದ್ದರಿಂದ ಕೆಲಸದ ವಿಷಯವನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ. ಇದು ಬೇರೆ, ಆಧ್ಯಾತ್ಮ ಬೇರೆ ಎಂದುಕೊಳ್ಳಬೇಡಿ.

ಮಗ್ಗುಲು ಬದಲಿಸುವುದು. ಎರಡು ಗಂಟೆಗೊಮ್ಮೆ ಎಡ, ಅಂಗಾತ, ಬಲ ಎಂದು ಬದಲಿಸಿ. ಏರ್ ಬೆಡ್ ಇದ್ದರೂ ಇದು ತಪ್ಪುವುದಿಲ್ಲ, ಅಂತರ ಮಾತ್ರ ಸ್ವಲ್ಪ ಹೆಚ್ಚಿಸಬಹುದು; ಎಷ್ಟು ಎಂಬುದನ್ನು ನರ್ಸ್ ಚರ್ಮ ನೋಡಿ ಹೇಳಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಬಲಗೈಯನ್ನು ಹಿಡಿದು ಎಳೆಯಲೇಬಾರದು, ಲಕ್ವಾ ಹೊಡೆದ ಭುಜದ ಕೀಲು ಸಡಿಲವಾಗಿರುತ್ತದೆ, ಜಾರುತ್ತದೆ. ನೀವು ಬರೆದ ಗಿಲ್ಲುವಿಕೆಗೆ ಈ ಭುಜದ ನೋವೂ ಕಾರಣವಿರಬಹುದು. ಮಾತಿಲ್ಲದವರು ನೋವನ್ನು ಉಗುರಿನಿಂದಲೇ ಹೇಳುತ್ತಾರೆ. ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಕೈ ಹಾಕಿ ಎಳೆಯಬೇಡಿ. ಭುಜದಿಂದ ತೊಡೆಯವರೆಗೆ ಬರುವಂತೆ ಒಂದು ಬೆಡ್‌ಶೀಟ್ ಮಡಿಸಿ ಕೆಳಗೆ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿ. ಎಳೆದರೆ ಚರ್ಮ ಒಂದು ಕಡೆ, ಒಳಗಿನ ಮಾಂಸ ಒಂದು ಕಡೆ ಹೋಗಿ ಒಳಗಿಂದಲೇ ಹುಣ್ಣು ಶುರುವಾಗುತ್ತದೆ. ಮಂಚದ ಕಾಲಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ನಿಮ್ಮ ಸೊಂಟದ ಮಟ್ಟಕ್ಕೆ ಎತ್ತರಿಸಿದರೆ ನಿಮ್ಮ ಬೆನ್ನು ಉಳಿಯುತ್ತದೆ, ಆದರೆ ಪಕ್ಕದ ಕಂಬಿ ಇದ್ದರೆ ಮಾತ್ರ.

ದಿನಕ್ಕೆ ಒಮ್ಮೆ, ಸ್ನಾನ ಮಾಡಿಸುವಾಗ, ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ, ಹೆಗಲಿನ ಮೂಳೆ, ಮೊಣಕೈ, ಕಿವಿ ನೋಡಿ. ಕೆಂಪಾದ ಅಥವಾ ಸುತ್ತಲಿಗಿಂತ ಕಪ್ಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣಿನ ಮೊದಲ ಹಂತ ಬಂದಿದೆ ಎಂದರ್ಥ. ಆ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ಮಾಲೀಷು ಮಾಡಬೇಡಿ, ಟ್ಯೂಬಿನಂಥ ರಿಂಗ್ ಮೇಲೆ ಕೂರಿಸಬೇಡಿ. ಮೂರೂ ಹಾನಿ ಹೆಚ್ಚಿಸುತ್ತವೆ. ಆ ಕಡೆ ಭಾರ ಬೀಳದಂತೆ ಮಲಗಿಸಿ, ನರ್ಸ್‌ಗೆ ತೋರಿಸಿ.

ಊಟ ತಿನ್ನಿಸುವುದರಲ್ಲಿ ಅವಸರ ಸಲ್ಲದು. ಸಾಧ್ಯವಾದಷ್ಟು ನೇರವಾಗಿ ಕೂರಿಸಿ, ಗಲ್ಲ ಸ್ವಲ್ಪ ಎದೆಯತ್ತ ಬಾಗಿರಲಿ. ನೀವೂ ಎದುರಿಗೆ ಕೂತುಕೊಳ್ಳಿ. ನಿಂತು ತಿನ್ನಿಸಿದರೆ ಅವರು ತಲೆ ಎತ್ತಬೇಕಾಗುತ್ತದೆ, ಆಗ ಗಂಟಲಿನ ದಾರಿ ತಪ್ಪಿ ಅನ್ನ ಶ್ವಾಸಕೋಶಕ್ಕೆ ಹೋಗಬಹುದು. ಅರ್ಧ ಟೀ ಚಮಚದಷ್ಟು, ಬಾಯಿಯ ಎಡಭಾಗಕ್ಕೆ. ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು. ಬಲಗೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ನಡುನಡುವೆ ನೋಡಿ. ತೆಳು ನೀರಿಗಿಂತ ಗಂಜಿಯಂಥ ಮಂದ ಪದಾರ್ಥ ಹಲವರಿಗೆ ಸುಲಭ. ನುಂಗಿದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಕೆಮ್ಮು, ಪದೇ ಪದೇ ಜ್ವರ ಇದ್ದರೆ ತಿನ್ನಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಊಟದ ಬಳಿಕ 30 ನಿಮಿಷ ಕೂತೇ ಇರಲಿ. ನಂತರ ಬಾಯಿ ಸ್ವಚ್ಛ ಮಾಡಿ, ಮೃದುವಾದ ಬ್ರಶ್ಶಿನಿಂದ ದಿನಕ್ಕೆ ಎರಡು ಬಾರಿ.

ಕೈ ತಳ್ಳುವ ಬಗ್ಗೆ. ಕೊನೆಯ ಭೋಜನದ ರಾತ್ರಿ ಪೇತ್ರನೂ ಯೇಸುಸ್ವಾಮಿಯ ಕೈ ತಡೆದಿದ್ದ. ನೀವು ನನ್ನ ಪಾದ ತೊಳೆಯುವುದು ಎಂದಿಗೂ ಕೂಡದು ಎಂದಿದ್ದ. ಇನ್ನೊಬ್ಬರಿಂದ ತೊಳೆಸಿಕೊಳ್ಳುವುದು ತೊಳೆಯುವುದಕ್ಕಿಂತ ಕಷ್ಟ. ಮನೆಯಲ್ಲಿ ಹಿರಿಯರಾಗಿ ಬಾಳಿದ ನಿಮ್ಮ ಅತ್ತೆಗೆ ಸೊಸೆಯ ಎದುರು ಬಟ್ಟೆ ಬಿಚ್ಚಿಸಿಕೊಳ್ಳುವ ನಾಚಿಕೆ ದಿನಕ್ಕೆ ನಾಲ್ಕು ಬಾರಿ. ಆದ್ದರಿಂದ ಬಾಗಿಲು ಹಾಕಿ, ಟಿವಿ ಆರಿಸಿ. ಮುಟ್ಟುವ ಮೊದಲು ಅವರ ಎಡಗಡೆ ನಿಂತು ಮುಖ ನೋಡಿ, ‘ಅಮ್ಮ, ಈಗ ಬಟ್ಟೆ ಬದಲಿಸುತ್ತೇನೆ’ ಎಂದು ಹೇಳಿ, ಐದು ಎಣಿಸುವಷ್ಟು ಹೊತ್ತು ಕಾಯಿರಿ. ಸೊಂಟದ ಕೆಳಗೆ ಕೆಲಸ ಮಾಡುವಾಗ ಮೇಲೆ ಹೊದಿಕೆ ಇರಲಿ. ಎಡಗೈಗೆ ಹಿಡಿದುಕೊಳ್ಳಲು ಅವರ ಜಪಸರವನ್ನೋ ಒಂದು ಕರವಸ್ತ್ರವನ್ನೋ ಕೊಡಿ. ಹಿಡಿದ ಕೈ ಗಿಲ್ಲುವುದು ಕಡಿಮೆ. ಮುಂದಿನಿಂದ ಹಿಂದಕ್ಕೆ ಒರೆಸಿ, ಒತ್ತಿ ಒಣಗಿಸಿ, ಜಿಂಕ್ ಕ್ರೀಮ್ ತೆಳುವಾಗಿ ಹಚ್ಚಿ.

ಈಗ ಆ ಏಟಿನ ವಿಷಯ. ಸಿಟ್ಟು ಬಂದದ್ದು ಪಾಪವಲ್ಲ. ಹೊಡೆದದ್ದು ತಪ್ಪು, ಅದನ್ನು ಚಿಕ್ಕದು ಮಾಡಿ ನಿಮಗೆ ಸಮಾಧಾನ ಹೇಳಲಾರೆ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ ಕ್ರಮ ಇಲ್ಲಿಗೂ ಅನ್ವಯಿಸುತ್ತದೆ: ಪಾಪನಿವೇದನೆಗೆ ಮುಂಚೆ ಅತ್ತೆಯ ಬಳಿ ಕ್ಷಮೆ ಕೇಳಿ. ಮಾತಿಲ್ಲದವರಿಗೆ ಅರ್ಥವೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಬಲಭಾಗದ ಲಕ್ವಾದಲ್ಲಿ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿರುತ್ತದೆ. ಅದರಿಂದ ಮಾತು ಹೋದರೂ ತಿಳಿವಳಿಕೆ ಎಷ್ಟೋ ಮಟ್ಟಿಗೆ ಉಳಿದಿರುವುದುಂಟು. ‘ಅವತ್ತು ಹೊಡೆದೆ, ತಪ್ಪಾಯಿತು ಅಮ್ಮ’ ಎಂದು ಹೇಳಿ, ಅವರ ಎಡಗೈ ಹಿಡಿದುಕೊಳ್ಳಿ. ಮುಂದಿನ ಬಾರಿ ಸಿಟ್ಟು ಏರುವುದು ಗೊತ್ತಾದ ಕೂಡಲೇ ಕೆಲಸ ಅರ್ಧದಲ್ಲೇ ಇದ್ದರೂ ಬಿಡಿ. ಅವರನ್ನು ಪಕ್ಕಕ್ಕೆ ಮಲಗಿಸಿ, ಹೊದಿಸಿ, ಕಂಬಿ ಏರಿಸಿ, ಹತ್ತು ನಿಮಿಷ ಕೋಣೆಯಿಂದ ಹೊರಗೆ ಹೋಗಿ. ಒದ್ದೆ ಡೈಪರಿನಲ್ಲಿ ಹತ್ತು ನಿಮಿಷ ಇದ್ದರೆ ಏನೂ ಆಗುವುದಿಲ್ಲ. ಒಂದು ಏಟು ಬಿದ್ದಿದೆ ಎಂದರೆ ನಿಮ್ಮ ಶಕ್ತಿ ಮುಗಿದಿದೆ ಎಂದೂ ಅರ್ಥ. ಮರುಭೂಮಿಯಲ್ಲಿ ಪ್ರವಾದಿ ಎಲೀಯ ಸಾಕಪ್ಪಾ, ಪ್ರಾಣ ತೆಗೆದುಕೋ ಎಂದು ಮರದಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದ, ತಿಂದು ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ವಾರದಲ್ಲಿ ಕನಿಷ್ಠ ಎರಡು ರಾತ್ರಿ ಮಗ್ಗುಲು ಬದಲಿಸುವ ಸರದಿ ಯಜಮಾನರದ್ದಾಗಲಿ. ನೀವು ಬೇರೆ ಕೋಣೆಯಲ್ಲಿ ಮಲಗಿ. ‘ಇವರು ಬೇಗ ಹೋಗಿಬಿಟ್ಟರೆ ಸಾಕು’ ಎಂಬ ಯೋಚನೆ ಬಂದರೆ ಹೆದರಬೇಡಿ, ದೀರ್ಘ ಆರೈಕೆಯಲ್ಲಿ ಹಲವರಿಗೆ ಬರುತ್ತದೆ. ಆದರೆ ಬದುಕೇ ಬೇಡವೆನಿಸಿದರೆ, ಅಥವಾ ಅವರಿಗೆ ಏನಾದರೂ ಮಾಡಿಬಿಡುತ್ತೇನೇನೋ ಎನಿಸಿದರೆ, ಅಂದೇ ಯಜಮಾನರಿಗೆ ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಿರಿಕಿರಿ ಮಾಡುವ ರೋಗಿಯ ಬಗ್ಗೆ ಲಿಸ್ಯೂವಿನ ಸಂತ ತೆರೇಸಾ ಬರೆದಿಟ್ಟ ಒಂದು ಸಂಗತಿ ಇದೆ. ಮಠದಲ್ಲಿ ನಡೆಯಲಾಗದ ಒಬ್ಬ ವೃದ್ಧ ಭಗಿನಿಯನ್ನು ಸಂಜೆಯ ಪ್ರಾರ್ಥನೆಯ ನಡುವೆ ಎದ್ದು ಊಟದ ಕೋಣೆಗೆ ಕರೆದೊಯ್ಯುವ ಕೆಲಸ ಈಕೆಯದು. ಹಿಂದಿನಿಂದ ಸೊಂಟಪಟ್ಟಿ ಹಿಡಿದು ನಡೆಸಬೇಕು. ಬೇಗ ನಡೆದರೆ ಬೈಗುಳ, ನಿಧಾನಿಸಿದರೆ ನಿನ್ನ ಕೈಯೇ ತಾಗುತ್ತಿಲ್ಲ, ಬೀಳುತ್ತೇನೆ ಎಂಬ ದೂರು. ಕೂರಿಸಿದ ಮೇಲೆ ತೋಳಿನ ಬಟ್ಟೆ ಮಡಿಸಬೇಕು, ಅದೂ ಅವರು ಹೇಳಿದ ರೀತಿಯಲ್ಲೇ. ಆ ಭಗಿನಿಗೆ ಬ್ರೆಡ್ಡು ಕತ್ತರಿಸುವುದು ಕಷ್ಟ ಎಂಬುದನ್ನು ತೆರೇಸಾ ಕೆಲವು ದಿನಗಳ ಬಳಿಕ ಗಮನಿಸಿದಳು. ಅಂದಿನಿಂದ ಯಾರೂ ಕೇಳದೆಯೇ ಅದನ್ನೂ ಕತ್ತರಿಸಿಕೊಟ್ಟು, ಒಂದು ನಗೆ ನಕ್ಕು ಹೊರಡುತ್ತಿದ್ದಳು. ಆ ಭಗಿನಿಯ ಮನಸ್ಸು ಕರಗಿದ್ದು ಅದರಿಂದ. ಇಲ್ಲಿ ದೊಡ್ಡ ತ್ಯಾಗ ಏನೂ ನಡೆಯಲಿಲ್ಲ, ಗಮನಿಸಿದಳು, ಅಷ್ಟೇ.

ಭಾನುವಾರದ ಪೂಜೆಯ ಬಗ್ಗೆ ಒಂದು ದೊಡ್ಡ ಹೊರೆ ನಿಮ್ಮ ಮೇಲಿದೆ, ಅದನ್ನು ಇಳಿಸಿ. ಬಿಟ್ಟು ಬರಲಾಗದ ರೋಗಿ ಮನೆಯಲ್ಲಿದ್ದರೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ, ಅಂದಿನ ಪೂಜೆ ತಪ್ಪಿದ್ದು ಪಾಪವಲ್ಲ. ಗಂಭೀರ ಕಾರಣವಿದ್ದಾಗ ಆ ಕಟ್ಟಳೆ ಅನ್ವಯಿಸುವುದಿಲ್ಲ ಎಂದು ಧರ್ಮಸಭೆಯ ಬೋಧನೆಯೇ ಹೇಳುತ್ತದೆ. 1633ರಲ್ಲಿ ಪ್ಯಾರಿಸ್ಸಿನಲ್ಲಿ ಸಂತ ಲೂಯಿಸ್ ದೆ ಮರಿಯಾಕ್ ಅವರೊಂದಿಗೆ ಸೇವಾ ಭಗಿನಿಯರ ಸಭೆ ಕಟ್ಟಿದ ಸಂತ ವಿನ್ಸೆಂಟ್ ದೆ ಪಾಲ್, ಪ್ರಾರ್ಥನೆಯ ಹೊತ್ತಿನಲ್ಲಿ ರೋಗಿ ಕರೆದರೆ ಎದ್ದು ಹೋಗಿ, ದೇವರಿಗಾಗಿ ದೇವರನ್ನು ಬಿಟ್ಟು ಹೋದಂತೆ ಎಂದು ಅವರಿಗೆ ಕಲಿಸಿದರು. ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ವೃದ್ಧರಿಗೂ ರೋಗಿಗಳಿಗೂ ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಕಡ್ಡಾಯವಲ್ಲ. ಧರ್ಮಸಭೆಯ ಕಾನೂನಿನ 919ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಂದರೆ ಗುರುಗಳು ಅಥವಾ ಪ್ರಸಾದ ವಿತರಕರು ಮನೆಗೆ ಬಂದಾಗ ನೀವು ಆಗಷ್ಟೇ ತಿಂಡಿ ತಿಂದಿದ್ದರೂ ಅತ್ತೆಯ ಜೊತೆಗೆ ನೀವೂ ಸ್ವೀಕರಿಸಬಹುದು. ಆದರೂ ಎಲ್ಲ ಭಾನುವಾರವೂ ತಪ್ಪಬಾರದು, ನಿಮ್ಮ ಮನಸ್ಸಿಗಾಗಿಯೇ ತಪ್ಪಬಾರದು. ತಿಂಗಳಲ್ಲಿ ಎರಡು ಭಾನುವಾರ ಯಜಮಾನರು ಮನೆಯಲ್ಲಿದ್ದು ನೀವು ಹೋಗುವಂತಾಗಲಿ, ಅವರು ಶನಿವಾರ ಸಂಜೆಯ ಪೂಜೆಗೆ ಹೋಗಲಿ.

ನಿಮ್ಮ ಪತ್ರದಲ್ಲಿ ಅತ್ತೆ ಸೇವೆ ಪಡೆಯುವವರಾಗಿ ಮಾತ್ರ ಕಾಣುತ್ತಾರೆ. ಕ್ರೈಸ್ತ ನಂಬಿಕೆಯಲ್ಲಿ ಅವರಿಗೂ ಒಂದು ಕೆಲಸವಿದೆ. ಯೊವಾನ್ನನ ಶುಭಸಂದೇಶದ ಕೊನೆಯಲ್ಲಿ ಪುನರುತ್ಥಾನ ಹೊಂದಿದ ಯೇಸುಸ್ವಾಮಿ ಪೇತ್ರನಿಗೆ, ನೀನು ಮುದುಕನಾದಾಗ ಬೇರೊಬ್ಬನು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಒಯ್ಯುವನು ಎಂದು ಹೇಳಿ, ಕೂಡಲೇ ನನ್ನನ್ನು ಹಿಂಬಾಲಿಸು ಎನ್ನುತ್ತಾರೆ. ಪೇತ್ರನ ಮರಣವನ್ನು ಕುರಿತ ಮಾತು ಅದು; ಆದರೂ ಇನ್ನೊಬ್ಬರ ಕೈಗೆ ತನ್ನನ್ನು ಒಪ್ಪಿಸಿಕೊಳ್ಳುವುದೂ ಶಿಷ್ಯತನವೇ ಎಂಬುದು ಅದರಲ್ಲಿದೆ. ಹೀಗಾಗಿ ಅವರಿಗೆ ಪ್ರಾರ್ಥನೆಯ ಹೊಣೆ ಕೊಡಿ. ‘ಅಮ್ಮ, ಇವತ್ತು ಮೊಮ್ಮಗಳ ಪರೀಕ್ಷೆ, ಅವಳಿಗಾಗಿ ಬೇಡಿಕೊಳ್ಳಿ’ ಎಂದು ಒಂದು ಉದ್ದೇಶ ಹೇಳಿ. ಮಕ್ಕಳು ಶಾಲೆಗೆ ಹೊರಡುವಾಗ ಹಾಸಿಗೆಯ ಎಡಬದಿಗೆ ಬಂದು ಹಣೆ ಬಗ್ಗಿಸಲಿ. ಅವರು ಎಡ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಲಿ. ಬಲಗೈ ಹೋದರೂ ಆಶೀರ್ವಾದ ಹೋಗಿಲ್ಲ. ಇನ್ನೊಂದು ಪ್ರಯತ್ನ ಮಾಡಿ: ಲಕ್ವಾದಿಂದ ಮಾತು ಹೋದವರಲ್ಲೂ ಚಿಕ್ಕಂದಿನಿಂದ ಬಾಯಿಪಾಠವಾದ ಜಪ, ಹಾಡು ಕೆಲವೊಮ್ಮೆ ಉಳಿದಿರುತ್ತದೆ. ‘ನಮೋ ಮರಿಯೆ’ಯ ಮೊದಲ ಅರ್ಧವನ್ನು ನಿಧಾನವಾಗಿ ಹೇಳಿ ನಿಲ್ಲಿಸಿ, ಕಾಯಿರಿ. ತುಟಿ ಆಡಬಹುದು, ಒಂದೆರಡು ಪದ ಹೊರಡಬಹುದು. ಅವರು ಬಾಲ್ಯದಲ್ಲಿ ಜಪ ಕಲಿತದ್ದು ಕೊಂಕಣಿಯಲ್ಲೋ ತಮಿಳಿನಲ್ಲೋ ಆಗಿದ್ದರೆ ಆ ಭಾಷೆಯಲ್ಲೇ ಶುರು ಮಾಡಿ. ಏನೂ ಬರದಿದ್ದರೆ ಒತ್ತಾಯ ಬೇಡ.

ಅಸ್ವಸ್ಥರ ಅಭ್ಯಂಗವನ್ನು, ಅಂದರೆ ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವನ್ನು, ಸಾಯುವ ಗಳಿಗೆಗೆಂದು ಕಾಯಿಸಬೇಡಿ. ಅದು ಮರಣದ ಅಂಚಿನಲ್ಲಿರುವವರಿಗೆ ಮಾತ್ರವಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಕಾಯಿಲೆ ಉಲ್ಬಣಿಸಿದಾಗ ಮತ್ತೆ ಪಡೆಯಬಹುದು. ಕೊಡುವವರು ಗುರುಗಳೇ ಆಗಿರಬೇಕು. ಸಣ್ಣ ಮೇಜಿಗೆ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಹತ್ತಿ, ಒಂದು ಲೋಟ ನೀರು, ಚಮಚ ಇಟ್ಟಿರಿ. ನುಂಗಲು ಕಷ್ಟವಿದೆ ಎಂದು ಗುರುಗಳಿಗೆ ಮೊದಲೇ ತಿಳಿಸಿ; ಪ್ರಸಾದದ ಅತಿ ಚಿಕ್ಕ ಚೂರು ಕೊಡಬಹುದು, ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲೂ ಅವಕಾಶವಿದೆ. ನೋವಿನ ಔಷಧಿಯ ಬಗ್ಗೆಯೂ ಒಂದು ಮಾತು: ನೋವನ್ನು ದೇವರಿಗೆ ಒಪ್ಪಿಸಬೇಕು, ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತೀವ್ರ ನೋವಿಗೆ ಬಲವಾದ ಔಷಧಿ ಕೊಡುವುದು ಸರಿ ಎಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ಸ್ಪಷ್ಟಪಡಿಸಿದ್ದಾರೆ. ತನ್ನ ನೋವನ್ನು ಒಪ್ಪಿಸುವುದು ಒಬ್ಬರ ಸ್ವಂತ ಆಯ್ಕೆ, ಇನ್ನೊಬ್ಬರ ನೋವನ್ನು ನಾವು ಒಪ್ಪಿಸಲು ಬರುವುದಿಲ್ಲ.

ಕೊನೆಗೆ ಮೈದುನರು. ದೇವರಿಗೆ ಕಾಣಿಕೆ ಕೊಟ್ಟಿದ್ದೇನೆ ಎಂದು ಹೇಳಿ ತಂದೆತಾಯಿಯನ್ನು ನೋಡಿಕೊಳ್ಳದವರನ್ನು ಯೇಸುಸ್ವಾಮಿ ಕಟುವಾಗಿ ಖಂಡಿಸಿದ್ದು ಮಾರ್ಕನ 7ನೇ ಅಧ್ಯಾಯದಲ್ಲಿದೆ. ಶಿಲುಬೆಯ ಮೇಲೆ ನರಳುತ್ತಿರುವಾಗಲೂ ತಮ್ಮ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಏರ್ಪಾಡನ್ನು ಅವರು ಸ್ವಂತ ಬಾಯಿಂದ ಮಾಡಿದರು. ದೂರದಲ್ಲಿರುವ ಮಕ್ಕಳಿಗೆ ಇದಕ್ಕಿಂತ ನೇರವಾದ ಮಾದರಿ ಬೇಕಿಲ್ಲ. ಕೇಳುವ ಕೆಲಸ ನಿಮ್ಮದಲ್ಲ, ಅವರ ಅಣ್ಣನಾದ ನಿಮ್ಮ ಯಜಮಾನರದ್ದು. ಫೋನಿನಲ್ಲಿ ಕೇಳಿದರೆ ಅಳು, ಜಗಳದಲ್ಲಿ ಮುಗಿಯುತ್ತದೆ; ಒಂದು ಹಾಳೆಯಲ್ಲಿ ಬರೆದು ಕಳಿಸಲಿ. ದಿನಕ್ಕೆ 3ರಿಂದ 4ರಂತೆ ತಿಂಗಳಿಗೆ 90ರಿಂದ 120 ಡೈಪರ್, ಔಷಧಿ, ಫಿಸಿಯೋಥೆರಪಿ, ಹಗಲಿನ ಆಯಾಳ ಸಂಬಳ, ನೀವು ಬಿಟ್ಟ ಕೆಲಸದ ಸಂಬಳ, ಎಲ್ಲದರ ಮೊತ್ತ ಅದರಲ್ಲಿರಲಿ. ಅದನ್ನು ಮೂರು ಪಾಲು ಮಾಡಿ. ಹಣದ ಜೊತೆಗೆ ಪ್ರತಿಯೊಬ್ಬರೂ ವರ್ಷಕ್ಕೆ ಎರಡು ವಾರ ರಜೆ ಹಾಕಿ ಬಂದು ತಾಯಿಯ ಕೆಲಸವನ್ನು ತಾವೇ ಮಾಡಬೇಕು ಎಂಬುದೂ ಅದರಲ್ಲಿ ಇರಲೇಬೇಕು. ಸ್ನಾನ, ಡೈಪರಿನ ಹೊತ್ತಿಗೆ ಮಾತ್ರ ಆಯಾ ಜೊತೆಗಿರಲಿ, ಗಂಡುಮಕ್ಕಳ ಎದುರು ಅತ್ತೆಗೆ ನಾಚಿಕೆ ಇನ್ನೂ ಹೆಚ್ಚು. ಅವರು ಬಂದಾಗ ಮಗ್ಗುಲು ಬದಲಿಸುವುದು, ಊಟ ತಿನ್ನಿಸುವುದು, ಔಷಧಿಯ ಹೊತ್ತು ಇವನ್ನು ಎರಡು ದಿನ ಜೊತೆಗಿದ್ದು ತೋರಿಸಿ, ಗೋಡೆಗೆ ಬರೆದು ಅಂಟಿಸಿ. ಮೂರನೆಯ ದಿನ ನೀವು ತವರಿಗೆ ಹೊರಡಿ.